ಮುಕ್ಕಾಲು ಸುತ್ತು ಬಾಕಿ ಉಳಿದ ಬಾಸ್ ಮೇಷ್ಟ್ರು

ಬಾಸ್ ಮೇಷ್ಟ್ರು ತಮ್ಮ ವಾದ್ಯದ ಅತಿ ದಪ್ಪ ತಂತಿಯನ್ನು ಒಮ್ಮೆ ಮೀಟಿದರೆ ಏಳು ಬೀದಿಯಾಚೆಯ ಸೇತುವೆ ಎರಡು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಇನ್ನೊಮ್ಮೆ ಮೀಟಿದರೆ ವಾಪಸು ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಅವರು ಐವತ್ತು ವರ್ಷಗಳಿಂದ ಒಂದು ದಿನವೂ ಬೆಸ ಸಂಖ್ಯೆಯಲ್ಲಿ ಮೀಟಿಲ್ಲವಾದ್ದರಿಂದಲೇ ಊರಿನ ಸಂಚಾರ ಸುಸೂತ್ರವಾಗಿ ನಡೆದಿದೆ. ನಂಬದವರು ಸೇತುವೆಯನ್ನೇ ಹೋಗಿ ಕೇಳಬಹುದು.

ಈಗ ಬೆಳಗಿನ ಐದೂವರೆ. ಲಾಂಡ್ರಿಯ ಮೇಲಿನ ಮೂರನೇ ಮಹಡಿಯ ಕೋಣೆ. ಎಪ್ಪತ್ತೆರಡು ವರ್ಷದ ಮೇಷ್ಟ್ರು ನಾಲ್ಕುನೂರು ಮೆಟ್ಟಿಲು ಹತ್ತಿ ಬಂದು ಬಾಗಿಲ ಚಿಲಕ ತೆಗೆಯುತ್ತಾರೆ. ಮೂಲೆಯಲ್ಲಿ ಅವರಿಗಿಂತ ಒಂದು ಗೇಣು ಎತ್ತರದ, ದೈತ್ಯ ಪಿಟೀಲಿನಂಥ ಡಬಲ್ ಬಾಸ್, ಹೆಂಡತಿ ಹೊಲಿದುಕೊಟ್ಟ ದಪ್ಪ ಬಟ್ಟೆಯ ಗವಸಿನಲ್ಲಿ, ಬೆನ್ನು ತಿರುಗಿಸಿಕೊಂಡು ನಿಂತ ನೆಂಟನ ಹಾಗೆ ನಿಂತಿದೆ. ಅವರು ಅದನ್ನು ತಕ್ಷಣ ಮುಟ್ಟುವುದಿಲ್ಲ. ಮೊದಲು ಮೊಣಕಾಲೂರಿ, ಗವಸಿನ ಜಿಪ್ಪಿಗೆ ನಿನ್ನೆ ತಾವೇ ಕಟ್ಟಿಹೋದ ಕಪ್ಪು ದಾರವನ್ನು ಪರೀಕ್ಷಿಸುತ್ತಾರೆ. ಮೂರು ಗಂಟು, ಅದರಲ್ಲಿ ನಡುವಿನದು ತಿರುವುಮುರುವು.

"ಗಂಟು ಸರಿಯಾಗೇ ಇದೆ," ಎನ್ನುತ್ತಾರೆ. ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚು. "ಬಿಚ್ಚಿ ಹಾಗೇ ಕಟ್ಟಿರಬಹುದು. ಯಾರಿಗೆ ಗೊತ್ತು?"

ಆಮೇಲೆ ಕಿಟಕಿಯ ಕೊಂಡಿ. ಆಮೇಲೆ ಕುರ್ಚಿಯ ಕಾಲುಗಳಿಗೆ ನೆಲದ ಮೇಲೆ ಬಳಪದಲ್ಲಿ ಗುರುತು ಹಾಕಿದ್ದ ಜಾಗ. ಇಷ್ಟಾದ ಮೇಲೆ ವಾದ್ಯ ಹೊರಬರುತ್ತದೆ. ಏಳು ಗಂಟೆಗೆ ಕೆಳಗೆ ಯಂತ್ರಗಳು ಗಿರಗಿರ ತಿರುಗಲು ಶುರುವಾದರೆ ತಗ್ಗಿನ ಸ್ವರಗಳೆಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ಮೇಷ್ಟ್ರಿಗೆ ಸಿಗುವುದು ಒಂದೂವರೆ ಗಂಟೆ. ಅಷ್ಟರೊಳಗೆ ಅವರು ತಮ್ಮ ಕೈ ಬಿಸಿ ಮಾಡಿಕೊಳ್ಳಬೇಕು, ಶಿಷ್ಯೆಯ ಕೈ ತಿದ್ದಬೇಕು.

ಶಿಷ್ಯೆ ಆರಕ್ಕೆ ಬರುತ್ತಾರೆ. ಮೂವತ್ತನಾಲ್ಕರ ಹೆಂಗಸು, ನಗರ ಬಸ್ಸಿನ ಚಾಲಕಿ, ಮೇಷ್ಟ್ರ ಬಾಯಲ್ಲಿ 'ಡ್ರೈವರಮ್ಮ'. ಸಮವಸ್ತ್ರದಲ್ಲೇ ಬಂದು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ಬಾಸಿನ ಕೊರಳು ಹಿಡಿಯುತ್ತಾರೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಎದುರು ಕೂರುತ್ತಾರೆ.

"ನಡಿ."

ಡ್ರೈವರಮ್ಮ ನಡೆಯುತ್ತಾರೆ, ಅಂದರೆ ಬೆರಳುಗಳು ನಡೆಯುತ್ತವೆ. ಎಣಿಕೆಗೊಂದು ಸ್ವರ, ಹೆಜ್ಜೆ ಇಟ್ಟ ಹಾಗೆ. ಜಾಝ್‌ನಲ್ಲಿ ಬಾಸಿನ ಕೆಲಸ ಇದೇ. ಮಿಕ್ಕವರು ಮೇಲೆ ಲಾಗ ಹಾಕುತ್ತಾರೆ, ಬಾಸಿನವರು ಕೆಳಗೆ ನೆಲ ಹಾಸುತ್ತ ಹೋಗುತ್ತಾರೆ.

"ಯಾಕೆ ಅವಸರ? ಸಿಗ್ನಲ್ ದಾಟೋ ಹಾಗಿದೆ ನಿನ್ನ ಕೈ."

"ದಿನಾ ಸಿಗ್ನಲ್ಲೇ ದಾಟೋದು ಮೇಷ್ಟ್ರೇ."

"ಅದು ಹೊಟ್ಟೆಪಾಡು. ಇಲ್ಲಿ ಹಿಂದೆ ಕೂತೋರು ಬೀಳಬಾರದು."

ಎಲ್ಲ ಕಲಿಸಿದ್ದಾರೆ, ಆರು ವರ್ಷಗಳಿಂದ. ಒಂದನ್ನು ಬಿಟ್ಟು. ಒಂಟಿಯಾಗಿ ನುಡಿಸುವುದನ್ನು, ಮಿಕ್ಕವರೆಲ್ಲ ಕೈ ಕಟ್ಟಿ ನಿಂತು ಬಾಸೊಂದೇ ಮಾತಾಡುವ ಸೋಲೋವನ್ನು ಕಲಿಸಿಲ್ಲ. ಡ್ರೈವರಮ್ಮ ಕೇಳಿದಾಗಲೆಲ್ಲ ಮೇಷ್ಟ್ರು ಕಿಟಕಿಯ ಕೊಂಡಿ ನೋಡಲು ಎದ್ದುಹೋಗುತ್ತಾರೆ.

ಅನುಮಾನ ಇವರಿಗೆ ಹುಟ್ಟುಗುಣ. ಈ ವಾದ್ಯ ಇವರ ಕೈಗೆ ಬಂದದ್ದೇ ಅನುಮಾನದಿಂದ. ಹನ್ನೊಂದು ವರ್ಷದವರಿದ್ದಾಗ ಶಾಲೆಯ ಬ್ಯಾಂಡಿಗೆ ವಾದ್ಯ ಹಂಚುವ ದಿನ ಎಲ್ಲರೂ ಓಡಿ ಒಳಹೋದರು. ಇವರು ಮಾತ್ರ ಹೊರಗೆ ನಿಂತರು.

"ಸೈಕಲ್ ಬೀಗ ಸ್ವಲ್ಪ ಸಡಿಲ ಇತ್ತು. ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ ಅಂತ ಕಾವಲು ನಿಂತೆ," ಎನ್ನುತ್ತಾರೆ. "ಒಳಗೆ ಹೋಗೋ ಹೊತ್ತಿಗೆ ತುತ್ತೂರಿ ಇಲ್ಲ, ಕೊಳಲಿಲ್ಲ, ಡೋಲಿಲ್ಲ. ಯಾರಿಗೂ ಬೇಡದ ಇದೊಂದು ಗೋಡೆಗೆ ಒರಗಿಕೊಂಡಿತ್ತು. ಕದಿಯೋಕೆ ಆಗದಷ್ಟು ದೊಡ್ಡದು. ಆಗ್ಲೇ ಇಷ್ಟ ಆಗೋಯ್ತು."

ತಂದೆ ದೊಡ್ಡ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಆ ಹೋಟೆಲಿನ ಐದನೇ ಮಹಡಿಯ ನೃತ್ಯದ ಹಾಲಿಗೆ ಬರುವ ಜಾಝ್ ತಂಡದವರನ್ನೆಲ್ಲ ಅವರೇ ಮೇಲೆ ಕರೆದೊಯ್ಯುವುದು. ಒಂದು ದಿನ ಬಾಸಿನವನು ಜ್ವರ ಬಂದು ಮಲಗಿದ. ತಂದೆ ಲಿಫ್ಟ್ ನಿಲ್ಲಿಸಿ, "ನನ್ನ ಮಗ ಇದ್ದಾನೆ," ಎಂದರು. ಹತ್ತೊಂಬತ್ತು ವರ್ಷದ ಮಗ ಲಿಫ್ಟಿನಲ್ಲಿ ವಾದ್ಯ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತು ಹತ್ತಿದ. ಅಂದಿನಿಂದ ಇಂದಿನವರೆಗೆ ಅವರು ಪಕ್ಕವಾದ್ಯ ನುಡಿಸದ ಹಾಡುಗಾರರಿಲ್ಲ, ಹತ್ತದ ವೇದಿಕೆಯಿಲ್ಲ. ಭೂಮಿಯ ಮೇಲಿನ ಎಲ್ಲ ತಂಡಗಳ ಹಿಂದೆಯೂ ಒಂದಲ್ಲ ಒಂದು ದಿನ ಅವರು ನಿಂತಿದ್ದಾರೆ. ಕೇಳಿದರೆ ಅವರ ಲೆಕ್ಕ ಸಣ್ಣದು.

"ಒಂದು ನಲವತ್ತು ತಂಡ ಇರಬಹುದು. ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆ, ಮೂರು ಗಂಟೆ ಕಾರ್ಯಕ್ರಮ. ಇಪ್ಪತ್ತೊಂದು ಸಾವಿರದ ಆರುನೂರು ಸಲ ಬೆರಳು ಎಳೀಬೇಕು. ಮಾರನೇ ದಿನ ಪೇಪರಲ್ಲಿ ಹಾಡಿದೋರ ಫೋಟೋ. ಅದರ ಹಿಂದೆ ಅರ್ಧ ಬಾಸು. ಆ ಅರ್ಧದ ಹಿಂದೆ ನಾನು."

ಬಲಗೈಯ ತೋರುಬೆರಳನ್ನು ಚಾಚಿ ತೋರಿಸುತ್ತಾರೆ. ತುದಿ ಕಾಯಿಕಟ್ಟಿ ಎಷ್ಟು ಗಟ್ಟಿಯಾಗಿದೆಯೆಂದರೆ ಅದರ ಮೇಲೆ ಬೆಂಕಿಕಡ್ಡಿ ಗೀರಿ ಒಲೆ ಹೊತ್ತಿಸಬಹುದು. ಅವರ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಹಾಗೆಯೇ ಹೊತ್ತಿಸುತ್ತಿದ್ದಾರೆ.

ಇಂಥವರು ಒಂದು ಕಾಲಕ್ಕೆ ಯಜಮಾನರೂ ಆಗಿದ್ದರು. ಮೂವತ್ತೇಳನೇ ವಯಸ್ಸಿನಲ್ಲಿ ಐದು ಜನರ ಸ್ವಂತ ತಂಡ ಕಟ್ಟಿ ನಾಲ್ಕು ವರ್ಷ ನಡೆಸಿದರು. ಪಿಯಾನೊದವನು, ಸ್ಯಾಕ್ಸಫೋನಿನವನು, ಡ್ರಮ್ಮಿಗೆ ಹೆಂಡತಿಯ ತಮ್ಮ, ಮತ್ತೆ ತುತ್ತೂರಿಗೆ ಇಪ್ಪತ್ತನಾಲ್ಕರ ಒಬ್ಬ ತರುಣ. ಈ ತುತ್ತೂರಿಯವನ ಬಗ್ಗೆ ಎರಡು ಮಾತು ಹೇಳಲೇಬೇಕು: ಅಪ್ಪಟ ಚಿನ್ನ, ಸುಳ್ಳು ಬಾಯಿಗೆ ಬಾರದವನು, ಊದಿದರೆ ದೀಪದ ಬುರುಡೆಗಳು ಪಟಪಟನೆ ಒಡೆಯುತ್ತಿದ್ದವು. ಈಗ ಅವನು ಊದುವುದನ್ನು ಹೆಚ್ಚುಕಮ್ಮಿ ಬಿಟ್ಟಿದ್ದಾನೆ. ಗಾಳಿಯನ್ನು ಬೇರೆ ಕಡೆ ತುಂಬುತ್ತಾನೆ.

ತಂಡದಲ್ಲಿ ಒಂದು ಸಂಜ್ಞೆಯಿತ್ತು. ಜಾಝ್‌ನವರೆಲ್ಲರಿಗೂ ಗೊತ್ತಿರುವ ಸಂಜ್ಞೆ. ಮೊದಲು ಎಲ್ಲರೂ ಕೂಡಿ ನುಡಿಸುವ ಮೂಲ ರಾಗಕ್ಕೆ ಅವರು 'ತಲೆ' ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರೇ ತಮಗೆ ತೋಚಿದ್ದನ್ನು ನುಡಿಸುತ್ತಾರೆ. ಯಜಮಾನರು ಕೈಯೆತ್ತಿ ತಮ್ಮ ತಲೆ ಮುಟ್ಟಿಕೊಂಡರೆ, ಇದ್ದದ್ದನ್ನು ಬಿಟ್ಟು ಎಲ್ಲರೂ 'ತಲೆ'ಗೆ ಮರಳಬೇಕು. ಅಲ್ಲಿಗೆ ಹಾಡು ಮುಗಿಯಿತು. ಹಾಗಾಗಿ ವೇದಿಕೆಯ ಮೇಲೆ ಯಜಮಾನರಾದವರು ತಲೆ ಕೆರೆದುಕೊಳ್ಳುವಂತಿಲ್ಲ, ತಲೆ ಬಾಚುವಂತಿಲ್ಲ, ತಲೆಯ ಮೇಲೆ ಕೈ ಹೊತ್ತು ಕೂರುವಂತಂತೂ ಇಲ್ಲವೇ ಇಲ್ಲ.

ಮೂವತ್ತೊಂದು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಈ ತಂಡಕ್ಕೆ ರೇಡಿಯೊದಲ್ಲಿ ಅರ್ಧ ಗಂಟೆ ಸಿಕ್ಕಿತು. ನುಡಿಸಿದ್ದು ಆ ಕ್ಷಣವೇ ಮನೆಮನೆಗೆ ಹೋಗುವ ಪ್ರಸಾರ. ಎಂದೂ ತಮಗಾಗಿ ಏನೂ ಇಟ್ಟುಕೊಳ್ಳದ ಮೇಷ್ಟ್ರು ಅಂದು, ಕೊನೆಯ ಹಾಡಿನಲ್ಲಿ, ತಮ್ಮ ಬಾಸಿಗೆ ಎರಡು ಸುತ್ತು, ಅಂದರೆ ಇಡೀ ರಾಗ ಎರಡು ಸಲ ಸುತ್ತಿಬರುವಷ್ಟು, ಸೋಲೋ ಇಟ್ಟುಕೊಂಡರು. ಅದನ್ನು ಆರು ತಿಂಗಳು ಯಾರಿಗೂ ಕೇಳದಂತೆ ಲಾಂಡ್ರಿಯ ಯಂತ್ರಗಳ ಸದ್ದಿನಡಿ ಅಭ್ಯಾಸ ಮಾಡಿದ್ದರು.

ಮೊದಲ ಸುತ್ತು ಮುಗಿಯಿತು. ಎರಡನೆಯದರಲ್ಲಿ ಕಾಲು ಭಾಗ ಸಾಗಿತ್ತು. ಕಿಟಕಿಯಿಲ್ಲದ ಆ ಕೋಣೆಗೆ ಎಲ್ಲಿಂದ ನುಗ್ಗಿತೋ, ಹದ್ದಿನಷ್ಟು ದೊಡ್ಡ ನೊಣವೊಂದು ಬಂದು ಮೇಷ್ಟ್ರ ಬೋಳುತಲೆಯ ಮೇಲೆ ರೆಕ್ಕೆ ಮಡಿಸಿ ಕೂತಿತು. ಎರಡು ಸಾಲುಗಳ ನಡುವೆ ಒಂದು ಉಸಿರಿನಷ್ಟು ಬಿಡುವು. ಮೇಷ್ಟ್ರ ಬಲಗೈ ತಂತಿ ಬಿಟ್ಟು ಮೇಲೆ ಹೋಯಿತು. ತಲೆ ಮುಟ್ಟಿತು.

ತುತ್ತೂರಿ, ಸ್ಯಾಕ್ಸಫೋನು ಒಂದೇ ಉಸಿರಿಗೆ 'ತಲೆ'ಗೆ ನುಗ್ಗಿದವು. ಡ್ರಮ್ಮು ಅವುಗಳ ಹಿಂದೆ ಬಿತ್ತು, ಪಿಯಾನೊ ಡ್ರಮ್ಮಿನ ಹಿಂದೆ. ತುತ್ತೂರಿಯವನು ಕೊನೆಯಲ್ಲಿ ಹಿಡಿದ ಎತ್ತರದ ಸ್ವರವಂತೂ ಇಂದಿಗೂ ಮೋಡಗಳ ನಡುವೆ ಎಲ್ಲೋ ಸುತ್ತುತ್ತಿದೆಯಂತೆ. ಮೇಷ್ಟ್ರಿಗೆ ಮುಕ್ಕಾಲು ಸುತ್ತು ಬಾಕಿ ಉಳಿಯಿತು.

ಮಾರನೇ ದಿನ ಅವರು ತಂಡ ಒಡೆದರು. ಮತ್ತೆ ಯಜಮಾನರಾಗಲಿಲ್ಲ. ಬೇರೆಯವರ ಪಕ್ಕ ನಿಂತಾಗ "ಒಂದು ಸೋಲೋ ತಗೊಳ್ಳಿ" ಎಂದು ಯಾರು ಕರೆದರೂ ತಲೆ ಅಲ್ಲಾಡಿಸಿದರು.

"ನೀವೇ ತಲೆ ಮುಟ್ಟಿದ್ದಲ್ವಾ?" ಎಂದು ಇದನ್ನು ಬರೆಯುವವನು ಕೇಳಿದರೆ ಮೇಷ್ಟ್ರು ಕಣ್ಣು ಕಿರಿದು ಮಾಡುತ್ತಾರೆ.

"ಮುಟ್ಟಿದೆ. ಇಲ್ಲ ಅಂದೆನಾ? ಯಾಕೆ ಮುಟ್ಟಿದೆ ಅಂತ ಯಾರಾದ್ರೂ ಹೇಳ್ಲಿ ನೋಡೋಣ. ಬರ್ಕೋ ಅದನ್ನ."

ಅಂದಿನಿಂದ ಶುರುವಾದ ವಿಚಾರಣೆ ಇಂದಿಗೂ ಮುಗಿದಿಲ್ಲ. ಸ್ಯಾಕ್ಸಫೋನಿನವನು ಕಾಯಿಲೆ ಬಿದ್ದಾಗ ಮೇಷ್ಟ್ರು ಹಣ್ಣು ಹಿಡಿದು ಆಸ್ಪತ್ರೆಗೆ ಹೋದರು. ಹಣ್ಣು ಕೈಗಿಡುತ್ತ ಕೇಳಿದ್ದು, "ಆವತ್ತು ನೀನು ಏನು ನೋಡಿದೆ?" ಅವನು ಆಮ್ಲಜನಕದ ಕೊಳವೆ ಸರಿಸಿ, "ನೀವು ತಲೆ ಮುಟ್ಟಿದ್ದು ನೋಡ್ದೆ ಮೇಷ್ಟ್ರೇ," ಎಂದ. ಅದೇ ಅವನ ಕೊನೆಯ ಬೇಸಿಗೆ. ದೂರದೂರಿಗೆ ಹೋಗಿ ನೆಲೆಸಿದ್ದ ಪಿಯಾನೊದವನಿಗೆ ಪತ್ರ ಹೋಯಿತು. ಉತ್ತರ ಬಂತು: ತಲೆ ಮುಟ್ಟಿದಿರಿ. ವರ್ಷ ತುಂಬುವುದರೊಳಗೆ ಅವನೂ ಹೋದ. ಡ್ರಮ್ಮಿನ ಭಾಮೈದನನ್ನು ಕೇಳದ ಭಾನುವಾರವಿಲ್ಲ. ತುತ್ತೂರಿಯವನನ್ನೂ ಹತ್ತಾರು ಸಲ ಕೇಳಿದ್ದಾರೆ. ಆ ಸತ್ಯವಂತನೂ ಅದನ್ನೇ ಹೇಳಿದ್ದಾನೆ: ತಲೆ ಮುಟ್ಟಿದಿರಿ, ಊದಿದೆ. ಎಲ್ಲರ ಉತ್ತರಕ್ಕೂ ಮೇಷ್ಟ್ರು ತಲೆದೂಗುತ್ತಾರೆ. ಯಾರ ಉತ್ತರದಿಂದಲೂ ಅವರ ಮನಸ್ಸು ತಣಿಯುವುದಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎನ್ನುತ್ತಾರೆ. "ಮೂವತ್ತೊಂದು ವರ್ಷದಿಂದ ನಾನು ಹೆಗಲುಗಳನ್ನೇ ನೋಡ್ತಾ ಇದ್ದೀನಿ."

ಈ ಹಳೆಯ ಕತೆ ಈ ವಾರ ಮತ್ತೆ ಎದ್ದು ಕೂರಲು ಕಾರಣವಿದೆ. ತಂದೆ ಲಿಫ್ಟ್ ನಡೆಸುತ್ತಿದ್ದ ಆ ಹೋಟೆಲಿನ ನೃತ್ಯದ ಹಾಲನ್ನು ಕೆಡವುತ್ತಾರೆ. ಕೆಡವುವ ಮುಂಚೆ, ಬರುವ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಅಲ್ಲಿ ನುಡಿಸಿದ ಹಳೆಯ ತಂಡಗಳೆಲ್ಲ ಒಂದೊಂದು ಹಾಡು ನುಡಿಸಬೇಕೆಂದು ಕರೆ ಬಂದಿದೆ. ಮೇಷ್ಟ್ರ ತಂಡದಲ್ಲಿ ಉಳಿದಿರುವವರು ಮೂವರು: ಅವರು, ಭಾಮೈದ, ತುತ್ತೂರಿಯವನು. ಮೇಷ್ಟ್ರು ಬಾರದಿದ್ದರೆ ಆ ಹಾಡಿಲ್ಲ. ಸೋಮವಾರ ಆ ಹಾಲ್ ಇರುವುದಿಲ್ಲ. ಮೇಷ್ಟ್ರ ಮೊಣಕೈ ನೋವು ನೋಡಿದರೆ ಮುಂದಿನ ವರ್ಷ ಸೋಲೋ ಇರಲಿ, ಗವಸು ಬಿಚ್ಚುವುದೂ ಅನುಮಾನ.

"ಕಳ್ಳ ಯಾರು ಅಂತ ತಿಳೀದೆ ಕಳ್ಳನ ಪಕ್ಕ ನಿಂತು ನಾನು ನುಡಿಸಲ್ಲ," ಎಂದು ಮೇಷ್ಟ್ರು ಹೇಳಿಬಿಟ್ಟಿದ್ದಾರೆ.

ಬುಧವಾರ ಭಾಮೈದ ಮನೆಗೇ ಬರುತ್ತಾನೆ. ಅರವತ್ತೈದು ವರ್ಷದವನು, ಕೂತಲ್ಲಿ ಮೇಜು ಬಡಿಯುವ ಚಾಳಿ. ಹಿಂದಿನ ಕೋಣೆಯಲ್ಲಿ ಅವನ ಅಕ್ಕ, ಅಂದರೆ ಮೇಷ್ಟ್ರ ಹೆಂಡತಿ, ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ಅಸ್ತರಿ ಬದಲಿಸುತ್ತಿದ್ದಾರೆ.

"ಭಾವ, ಬನ್ನಿ ಭಾವ. ನಾನೇ ಮಾಡ್ದೆ ಅಂತ ಬರ್ಕೊಡ್ಲಾ? ಸಹಿ ಹಾಕ್ತೀನಿ."

"ಸುಳ್ಳು ತಪ್ಪೊಪ್ಪಿಗೆ ನಂಗೆ ಬೇಡ. ನೀನು ಅಷ್ಟು ಜಾಣ ಅಲ್ಲ."

"ನೋಡಕ್ಕಾ! ಕಳ್ಳ ಅಂತಾನೂ ಅನ್ನಲ್ಲ, ಜಾಣ ಅಂತಾನೂ ಅನ್ನಲ್ಲ."

ಹೊಲಿಗೆ ಯಂತ್ರ ನಿಲ್ಲುತ್ತದೆ. "ಹಾವಾದ್ರೂ ಹನ್ನೆರಡು ವರ್ಷಕ್ಕೆ ಹಗೆ ಬಿಡುತ್ತಂತೆ ಕಣ್ರೀ," ಎನ್ನುತ್ತಾರೆ ಆಕೆ. "ನಿಮ್ಮದೇನು, ಹಾವಿನ ತಾತಂದಾ?" ಆಮೇಲೆ, ದನಿ ಇಳಿಸಿ, ಯಾರಿಗೆಂದಲ್ಲದೆ ಹೇಳುತ್ತಾರೆ: "ಆವತ್ತು ರೇಡಿಯೊದಲ್ಲಿ ಇವರೊಬ್ಬರದೇ ಶುರುವಾದಾಗ ನಾನು ಕತ್ತರಿ ಕೆಳಗಿಟ್ಟೆ. ಇವರು ಮನೇಲಿ ಅಷ್ಟು ಮಾತಾಡಿದ್ದೇ ಇಲ್ಲ. ಏನೋ ಹೇಳೋಕೆ ಬಂದ್ರು. ಅಷ್ಟರಲ್ಲಿ ಎಲ್ಲಾ ಒಟ್ಟಿಗೆ ಕೂಗಿಬಿಟ್ರು. ಏನು ಹೇಳೋಕೆ ಬಂದಿದ್ರು ಅಂತ ನಂಗಿನ್ನೂ ಗೊತ್ತಿಲ್ಲ."

ಮೇಷ್ಟ್ರು ಕಿಟಕಿಯ ಕೊಂಡಿ ನೋಡಲು ಎದ್ದುಹೋಗುತ್ತಾರೆ.

ಇಲ್ಲಿಯವರೆಗಿನ ಬರಹವನ್ನು ಪತ್ರಿಕೆಯ ಅಚ್ಚಿಗೆ ಕಳಿಸುವ ಮುನ್ನ ಮೇಷ್ಟ್ರಿಗೆ ಓದಿ ಹೇಳಬೇಕೆಂಬುದು ಅವರದೇ ಷರತ್ತು. ಬರೆದವನು ಓದಕೂಡದು ಎಂಬುದು ಇನ್ನೊಂದು. "ಬರೆದೋನೇ ಓದಿದ್ರೆ ಬೇಕಾದ ಕಡೆ ನುಂಗ್ತಾನೆ." ಹಾಗಾಗಿ ಗುರುವಾರ ಬೆಳಿಗ್ಗೆ ಆರಕ್ಕೆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಹೆಂಡತಿ ಕನ್ನಡಕ ಏರಿಸಿಕೊಂಡು ಓದುತ್ತಾರೆ. ಡ್ರೈವರಮ್ಮ ಬಾಸಿಗೆ ಒರಗಿ ನಿಂತಿದ್ದಾರೆ. ಬರೆದವನು ಬಾಗಿಲ ಬಳಿ.

ಸೇತುವೆಯ ಸಾಲಿಗೆ ಡ್ರೈವರಮ್ಮ ನಗುತ್ತಾರೆ. "ಆ ಸೇತುವೆ ಮೇಲೆ ದಿನಕ್ಕೆ ಎಂಟು ಸಲ ಬಸ್ ಓಡಿಸ್ತೀನಿ. ಅಲ್ಲಾಡಲ್ಲ ಸ್ವಾಮಿ."

"ನಾಲ್ಕುನೂರು ಮೆಟ್ಟಿಲಂತೆ," ಎಂದು ಹೆಂಡತಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. "ನಲವತ್ತೇಳು. ಬೆರಳಲ್ಲಿ ಒಲೆ ಹೊತ್ತಿಸ್ತೀವಂತೆ. ನಮ್ಮನೇಲಿ ಲೈಟರ್ ಇದೆ." ಮೇಷ್ಟ್ರು ಕಣ್ಣು ಮುಚ್ಚಿ, ಡ್ರೈವರಮ್ಮನ ನಡಿಗೆ ಕೇಳುವಂತೆಯೇ ಕೇಳುತ್ತಿದ್ದಾರೆ. ರೇಡಿಯೊದ ಮಧ್ಯಾಹ್ನ ಬರುತ್ತದೆ. ಹೆಂಡತಿ ಓದುತ್ತಾರೆ: "ಹದ್ದಿನಷ್ಟು ದೊಡ್ಡ ನೊಣವೊಂದು ಬಂದು..."

"ನಿಲ್ಸು."

ಮೇಷ್ಟ್ರು ಕಣ್ಣು ತೆರೆಯುತ್ತಾರೆ.

"ಇನ್ನೊಂದ್ಸಲ ಓದು."

ಆಕೆ ಓದುತ್ತಾರೆ.

"ನೊಣದ ವಿಷಯ ನಾನು ಇವನಿಗೆ ಹೇಳಿಲ್ಲ," ಎನ್ನುತ್ತಾರೆ ಮೇಷ್ಟ್ರು ಬಲು ನಿಧಾನವಾಗಿ. "ನಿಂಗೆ ಹೇಳಿದೀನಾ?"

"ಇಲ್ಲ. ಯಾವ ನೊಣಾರೀ?"

"ಯಾರಿಗೂ ಹೇಳಿಲ್ಲ. ಮೂವತ್ತೊಂದು ವರ್ಷ ಬಾಯಲ್ಲಿ ಇಟ್ಕೊಂಡಿದೀನಿ ಆ ನೊಣಾನ. ನಾನು ಕೈ ಎತ್ತಿದ್ದು ಎಲ್ರೂ ನೋಡಿದ್ರು. ನೊಣ ನೋಡ್ದೆ ಕೈ ನೋಡಿದೋರು ಪಾಪದೋರು, ಸಂಜ್ಞೆ ಅಂದ್ಕೊಂಡ್ರು. ನೊಣ ನೋಡಿದೋನಿಗೆ ಇದು ಸಂಜ್ಞೆ ಅಲ್ಲ ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಊದಿದಾನೆ. ಅವನ ಬಾಯಲ್ಲಿ ಒಂದಲ್ಲ ಒಂದು ದಿನ ನೊಣ ಬಂದೇ ಬರುತ್ತೆ ಅಂತ ಕಾಯ್ತಿದ್ದೆ." ಅವರು ಬಾಗಿಲ ಕಡೆ ತಿರುಗುತ್ತಾರೆ. "ಲೋ ತುತ್ತೂರಿ. ಬಾ ಒಳಗೆ."

ಬರೆದವನ ಬಲಗೈ ತನ್ನಷ್ಟಕ್ಕೆ ಹೆಗಲಿಗೆ ಹೋಗಿತ್ತು. ಮೇಷ್ಟ್ರು ನೋಡಿಬಿಟ್ಟರು.

ಓದುಗರು ಇಷ್ಟರಲ್ಲಿ ಗುಮಾನಿ ಪಟ್ಟಿರುತ್ತೀರಿ. ಅಪ್ಪಟ ಚಿನ್ನ, ಸತ್ಯವಂತ ಎಂದು ಮೇಲೆ ಹೊಗಳಿಸಿಕೊಂಡ ಆ ತುತ್ತೂರಿಯವನು ನಾನು. ರೇಡಿಯೊದ ಆ ಮಧ್ಯಾಹ್ನ ಮೇಷ್ಟ್ರಿಂದ ಎರಡು ಮೊಳ ದೂರದಲ್ಲಿ, ಬಲಗಡೆ ನಿಂತಿದ್ದೆ. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಬಾಸು ಮುಗಿಯುವುದನ್ನು ಕಾದರೆ ನನ್ನ ಎತ್ತರದ ಸ್ವರಕ್ಕೆ ಮೊದಲೇ ಪ್ರಸಾರ ಮುಗಿದುಹೋಗುತ್ತಿತ್ತು. ಒಂದು ಮನೆಯಲ್ಲಿ ಒಬ್ಬಳು ಆ ಸ್ವರಕ್ಕಾಗಿಯೇ ರೇಡಿಯೊ ಮುಂದೆ ಕೂತಿದ್ದಳು. ನಾನು ಸಂಜ್ಞೆಗಾಗಿ ಕಾಯುತ್ತಿದ್ದೆ. ಸಿಕ್ಕಿದ್ದು ನೊಣ. ತುತ್ತೂರಿ ಎತ್ತಿದೆ. ನಾನು ಉಸಿರೆಳೆದದ್ದು ನೋಡಿ ಸ್ಯಾಕ್ಸಫೋನಿನವನೂ ಎತ್ತಿದ. ಆ ಎತ್ತರದ ಸ್ವರ ಯಾವ ಮೋಡಕ್ಕೂ ಹೋಗಲಿಲ್ಲ. ನಡುವೆಯೇ ಒಡೆದು, ಬಾತುಕೋಳಿ ಕೂಗಿದ ಹಾಗೆ ಕೇಳಿಸಿತು. ರೇಡಿಯೊ ಮುಂದೆ ಕೂತವಳು ಬೇರೆ ಯಾರನ್ನೋ ಮದುವೆಯಾದಳು.

ಇಷ್ಟನ್ನೂ ಆ ಬೆಳಿಗ್ಗೆ ನಿಂತಲ್ಲೇ ಒಪ್ಪಿಕೊಂಡೆ. ಮೇಷ್ಟ್ರು ಬೈಯುತ್ತಾರೆ ಎಂದುಕೊಂಡೆ. ಅವರು ಭಾರ ಇಳಿಸಿದವರ ಹಾಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಕುರ್ಚಿಯ ಕಾಲು ಬಳಪದ ಗುರುತು ದಾಟಿ ಸರಿಯಿತು. ಅವರು ನೋಡಲಿಲ್ಲ.

"ಸದ್ಯ," ಎಂದರು. "ಭಾಮೈದ ಅಲ್ವಲ್ಲ. ಅವನಾಗಿದ್ರೆ ಇವಳ ಮುಖ ಹೇಗೆ ನೋಡೋದು ಅಂತ ಅದೇ ಒಂದು ಹೆದರಿಕೆ." ಹೆಂಡತಿ ಕನ್ನಡಕ ತೆಗೆದು ಒರೆಸಿಕೊಂಡರು.

"ಭಾನುವಾರ ಬರ್ತೀರಾ ಮೇಷ್ಟ್ರೇ?" ಎಂದು ಡ್ರೈವರಮ್ಮ ಕೇಳಿದರು.

"ಮುಕ್ಕಾಲು ಸುತ್ತು ಬಾಕಿ ಇದೆಯಲ್ಲ, ಬರದೆ ಏನು? ನೀನೂ ಬಾ. ಸೋಲೋ ಹೇಗೆ ಅಂತ ಕೇಳ್ತಿದ್ದೆಯಲ್ಲ, ನೋಡ್ಕೋ." ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ನೀನು ತುತ್ತೂರಿ ನೆಲದ ಮೇಲಿಟ್ಟು, ಎರಡೂ ಕೈ ಜೇಬಲ್ಲಿ ಇಟ್ಕೊಂಡು ನಿಂತಿರಬೇಕು. ನಾನು ಹೂಂ ಅಂದ ಮೇಲೇ ಎತ್ಕೋಬೇಕು." ಹೆಂಡತಿಗೆ ಹೇಳಿದರು: "ನಂಗೊಂದು ಟೋಪಿ ಹೊಲಿದುಕೊಡೆ. ದಪ್ಪಂದು."

ಕೆಳಗೆ ಯಂತ್ರಗಳು ಶುರುವಾದವು. ಹೊರಡುವಾಗ ಅವರು ಗವಸು ಹಾಕಿದರು, ಜಿಪ್ಪು ಎಳೆದರು. ಕಪ್ಪು ದಾರ ಕುರ್ಚಿಯ ಮೇಲೆಯೇ ಉಳಿಯಿತು.

ಸಂಪಾದಕರು ತಪ್ಪು ತಿದ್ದಿ ಕಳಿಸಿ ಎಂದಿದ್ದರು. ತಿದ್ದುವುದಾದರೆ ಸೇತುವೆ, ಮೆಟ್ಟಿಲು, ಬೆಂಕಿಕಡ್ಡಿ, ಮೋಡ ಎಲ್ಲವೂ ಹೋಗಬೇಕು. ಅವನ್ನೆಲ್ಲ ಓದುಗರೇ ಹೊಡೆದುಹಾಕಿಕೊಳ್ಳಲಿ. ಒಂದನ್ನು ಮಾತ್ರ ನಾನೇ ತಿದ್ದುತ್ತೇನೆ. ಆ ನೊಣ ಹದ್ದಿನಷ್ಟಿರಲಿಲ್ಲ. ಹದ್ದಿನಷ್ಟಿದ್ದರೆ ಎಲ್ಲರಿಗೂ ಕಾಣಿಸುತ್ತಿತ್ತು. ಅದು ನೊಣದಷ್ಟೇ ಇತ್ತು. ನನಗೊಬ್ಬನಿಗೇ ಕಂಡಿತ್ತು.